ರಿಸೀವರ್‌ನಲ್ಲಿ ಚಿತ್ರ ಸರಿ ಬರುತ್ತಿಲ್ಲವೇ? ಅಂಗಡಿಗೆ ಬರುವ ಮುನ್ನ ಓದಬೇಕಾದ ಪ್ರಶ್ನೆಗಳು

ದಾವಣಗೆರೆಯ ಮಂಡಿಪೇಟೆ ಕಡೆಯ ಸಣ್ಣ ಅಂಗಡಿಯಲ್ಲಿ ಟಿವಿ, ರಿಸೀವರ್ ರಿಪೇರಿ ಮಾಡುವುದು ನನ್ನ ಕಸುಬು. ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಭರಮಸಾಗರ ಕಡೆಗಳಿಂದ ಜನ ರಿಸೀವರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ ಹತ್ತಿ ಬರುತ್ತಾರೆ. ಅವುಗಳಲ್ಲಿ ಬಹಳಷ್ಟು ಪೆಟ್ಟಿಗೆಗಳು ನನ್ನ ಮೇಜಿನ ಮೇಲೆ ಯಾವ ತಕರಾರೂ ಇಲ್ಲದೆ ಓಡುತ್ತವೆ. ದೋಷ ಮಾಳಿಗೆಯ ಮೇಲೆಯೇ ಉಳಿದಿರುತ್ತದೆ, ಬಸ್ ಚಾರ್ಜು ದಂಡವಾಗಿರುತ್ತದೆ. ಒಂದೇ ಉತ್ತರವನ್ನು ದಿನಕ್ಕೆ ಹತ್ತು ಬಾರಿ ಹೇಳುವುದಕ್ಕಿಂತ ಬರೆದಿಡುವುದು ಮೇಲು ಎನಿಸಿತು. ನಾನು 'ಛತ್ರಿ' ಎಂದರೆ ಡಿಶ್ ಎಂದೂ 'ಪೆಟ್ಟಿಗೆ' ಎಂದರೆ ರಿಸೀವರ್ ಅಥವಾ ಸೆಟ್‌ಟಾಪ್ ಬಾಕ್ಸ್ ಎಂದೂ ತಿಳಿಯಿರಿ.

ಟಿವಿ ಮೇಲೆ 'ನೋ ಸಿಗ್ನಲ್' ಎಂದು ಬರುತ್ತಿದೆ. ಛತ್ರಿ ತಿರುಗಿಸಬೇಕೇ?

ತಡೆಯಿರಿ. ಆ ಮಾತು ಹೇಳುತ್ತಿರುವುದು ಯಾರು ಎಂದು ಮೊದಲು ನೋಡಿ. ಟಿವಿಯೂ ಅದನ್ನೇ ಹೇಳುತ್ತದೆ, ಪೆಟ್ಟಿಗೆಯೂ ಅದನ್ನೇ ಹೇಳುತ್ತದೆ, ಅರ್ಥ ಬೇರೆ ಬೇರೆ. ಪೆಟ್ಟಿಗೆಯ ರಿಮೋಟಿನಲ್ಲಿ ಮೆನು ಒತ್ತಿ. ಮೆನು ಪರದೆಯ ಮೇಲೆ ಬಂದರೆ ಟಿವಿಗೂ ಪೆಟ್ಟಿಗೆಗೂ ಸಂಬಂಧ ಸರಿಯಿದೆ. ಹುಡುಕಬೇಕಾದದ್ದು ಛತ್ರಿ, ಎಲ್‌ಎನ್‌ಬಿ (ಛತ್ರಿ ಕೂಡಿಸಿಕೊಟ್ಟ ಸಿಗ್ನಲನ್ನು ಹಿಡಿದು ವೈರಿಗೆ ಇಳಿಸುವ ಸಣ್ಣ ಡಬ್ಬಿ) ಅಥವಾ ವೈರಿನಲ್ಲಿ. ಮೆನುವೇ ಬರದಿದ್ದರೆ ಛತ್ರಿಯ ಸುದ್ದಿಗೆ ಹೋಗಬೇಡಿ. ಟಿವಿಯ ರಿಮೋಟಿನಲ್ಲಿ ಸೋರ್ಸ್ ಒತ್ತಿ, ವೈರ್ ಯಾವ ತೂತಿಗೆ ಸಿಕ್ಕಿಸಿದೆಯೋ ಅದನ್ನೇ ಆರಿಸಿ. ಮಕ್ಕಳು ಪೆನ್‌ಡ್ರೈವ್ ಹಾಕಿ ಸಿನಿಮಾ ನೋಡಿ, ಸೋರ್ಸ್ ಬದಲಿಸಿಟ್ಟು ಶಾಲೆಗೆ ಹೋಗಿರುತ್ತಾರೆ. ಇತ್ತ ಅಜ್ಜಿ ಧಾರಾವಾಹಿಯ ಹೊತ್ತಿಗೆ ಛತ್ರಿಯನ್ನು ಬೈಯುತ್ತಾ ಕೂತಿರುತ್ತಾರೆ.

'ಸ್ಕ್ರ್ಯಾಂಬಲ್ಡ್' ಎಂದೋ 'ಚಂದಾ ಇಲ್ಲ' ಎಂದೋ ಬಂದರೆ ಅದು ಕೆಟ್ಟಿರುವುದಲ್ಲ, ದುಡ್ಡಿನ ವಿಷಯ. ಸಿಗ್ನಲ್ ಚೆನ್ನಾಗಿ ಬರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಪೆಟ್ಟಿಗೆಯ ಮೆನುವಿನ ಸಿಗ್ನಲ್ ಪುಟದಲ್ಲಿ ಸ್ಟ್ರೆಂತ್ 85 ತೋರಿಸುತ್ತಿದೆ, ಕ್ವಾಲಿಟಿ ಸೊನ್ನೆ. ಇಷ್ಟು ಸಿಗ್ನಲ್ ಇದ್ದರೂ ಚಿತ್ರ ಏಕೆ ಇಲ್ಲ?

ಸ್ಟ್ರೆಂತ್ ನೋಡಿ ಮೋಸ ಹೋಗದವರನ್ನು ನಾನು ಕಂಡಿಲ್ಲ. ಛತ್ರಿಯ ಮುಂದೆ ಕೋಲಿನ ತುದಿಗೆ ಕೂತಿರುವ ಎಲ್‌ಎನ್‌ಬಿಗೆ ಪೆಟ್ಟಿಗೆಯಿಂದಲೇ ವೈರಿನ ಮೂಲಕ ಕರೆಂಟ್ ಹೋಗುತ್ತದೆ. ಕರೆಂಟ್ ತಲುಪಿ ಎಲ್‌ಎನ್‌ಬಿ ಎಚ್ಚರವಾದರೆ ಸಾಕು, ಅದರ ಸ್ವಂತ ಗದ್ದಲವನ್ನೇ ಪೆಟ್ಟಿಗೆ ಸ್ಟ್ರೆಂತ್ ಎಂದು ತೋರಿಸುತ್ತದೆ. ಛತ್ರಿಯನ್ನು ನೆಲಕ್ಕೆ ಮುಖಮಾಡಿ ಇಟ್ಟರೂ ಸ್ಟ್ರೆಂತ್ ಬರುತ್ತದೆ, ಬೇಕಾದರೆ ಪರೀಕ್ಷಿಸಿ. ಕ್ವಾಲಿಟಿ ಮಾತ್ರ ನಿಮ್ಮ ಉಪಗ್ರಹದ ಮಾತು ಅರ್ಥವಾಗುತ್ತಿದೆಯೇ ಎಂದು ಹೇಳುತ್ತದೆ.

ಹಾಗಾಗಿ ಲೆಕ್ಕ ಹೀಗಿದೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಇಲ್ಲದಿದ್ದರೆ ವೈರ್ ಹೆಚ್ಚುಕಡಿಮೆ ಸರಿಯಿದೆ. ಛತ್ರಿ ಸರಿದಿದೆ, ಏನೋ ಅಡ್ಡ ಬಂದಿದೆ ಅಥವಾ ಮೆನುವಿನಲ್ಲಿ ಸೆಟ್ಟಿಂಗ್ ಬದಲಾಗಿದೆ. ಎರಡೂ ಸೊನ್ನೆಯಾದರೆ ಎಲ್‌ಎನ್‌ಬಿಗೆ ಕರೆಂಟೇ ತಲುಪುತ್ತಿಲ್ಲ ಅಥವಾ ಎಲ್‌ಎನ್‌ಬಿ ಸತ್ತಿದೆ. ಎರಡೂ ಕುಣಿಯುತ್ತಿದ್ದರೆ ಎಲ್ಲೋ ಜಾಯಿಂಟ್ ಸಡಿಲವಾಗಿದೆ. ಸಂಖ್ಯೆಗಳನ್ನು ನೆರೆಮನೆಯವರ ಸಂಖ್ಯೆಗೆ ಹೋಲಿಸಬೇಡಿ, ಒಂದೊಂದು ಪೆಟ್ಟಿಗೆಯ ಅಳತೆ ಒಂದೊಂದು ಥರ. ಚಿತ್ರ ಚೆನ್ನಾಗಿರುವ ದಿನ ನಿಮ್ಮ ಪೆಟ್ಟಿಗೆಯ ಕ್ವಾಲಿಟಿ ಎಷ್ಟಿದೆ ಎಂದು ಗೋಡೆಯ ಕ್ಯಾಲೆಂಡರ್ ಹಿಂದೆ ಬರೆದಿಡಿ. ಕೆಟ್ಟ ದಿನ ಆ ಒಂದು ಸಂಖ್ಯೆ ನನ್ನ ಅರ್ಧ ಕೆಲಸ ಮುಗಿಸುತ್ತದೆ.

ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ನಿಂತು ನಿಂತು ಬರುತ್ತದೆ. ಪೆಟ್ಟಿಗೆ ಹೋಯಿತೇ?

ಹೆಚ್ಚಿನ ಬಾರಿ ಇಲ್ಲ. ಹಳೆಯ ಆಂಟೆನಾ ಕಾಲದಲ್ಲಿ ಸಿಗ್ನಲ್ ಕಡಿಮೆಯಾದಂತೆ ಚುಕ್ಕಿ ಹೆಚ್ಚಾಗುತ್ತಿತ್ತು, ಆದರೂ ಮುಖ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಲಗ್ನಪತ್ರಿಕೆಯ ಮೇಲೆ ನೀರು ಬಿದ್ದು ನಾಲ್ಕು ಅಕ್ಷರ ಅಳಿಸಿದರೆ ಊಹಿಸಿ ಓದುತ್ತೀರಿ. ಅರ್ಧ ಸಾಲೇ ಹೋದರೆ ಮದುವೆ ಯಾವ ಊರಲ್ಲಿ ಎಂದು ತಿಳಿಯುವುದಿಲ್ಲ. ಪೆಟ್ಟಿಗೆಯೂ ಅಷ್ಟೇ. ಸ್ವಲ್ಪ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಆಗ ನಿಮಗೆ ಗೊತ್ತೇ ಆಗುವುದಿಲ್ಲ. ಮಿತಿ ದಾಟಿದ ಕೂಡಲೇ ಚೌಕ, ಆಮೇಲೆ ಕಪ್ಪು ಪರದೆ. ನಿನ್ನೆಯವರೆಗೆ ಚೆನ್ನಾಗಿದ್ದದ್ದು ಇಂದು ಒಮ್ಮೆಲೇ ಹೋಯಿತು ಎನ್ನುವವರ ಮನೆಯಲ್ಲಿ ಸಿಗ್ನಲ್ ತಿಂಗಳುಗಟ್ಟಲೆ ಇಳಿಯುತ್ತಾ ಬಂದು ಇಂದು ಮಿತಿ ದಾಟಿರುತ್ತದೆ.

ಇಳಿಯಲು ಕಾರಣ ಏನು? ನನ್ನ ಅನುಭವದಲ್ಲಿ ಮೊದಲ ಅಪರಾಧಿ ವೈರಿನ ಮಾಳಿಗೆ ತುದಿ.

ಕಳೆದ ಮಳೆಗಾಲ ಜಗಳೂರು ಕಡೆಯ ಅಜ್ಜ ಒಬ್ಬರು ಮೂರನೆಯ ಬಾರಿ ಪೆಟ್ಟಿಗೆ ಹಿಡಿದು ಬಂದರು. ಬೇರೊಂದು ಕಡೆ ಎರಡು ಪೆಟ್ಟಿಗೆ ಬದಲಿಸಿಕೊಂಡಾಗಿತ್ತು. "ಇದೂ ಕೆಟ್ಟಿದೆ, ನೋಡಪ್ಪ" ಎಂದರು. ನನ್ನ ಅಂಗಡಿಯ ಛತ್ರಿಗೆ ಸಿಕ್ಕಿಸಿದರೆ ಡಿಡಿ ಚಂದನ ಕನ್ನಡಿಯಂತೆ ಬಂತು. ಅಜ್ಜ ನನ್ನನ್ನೇ ಅನುಮಾನದಿಂದ ನೋಡಿದರು. ಭಾನುವಾರ ಆ ಕಡೆ ಹೋಗುವ ಕೆಲಸವಿತ್ತು, ಅವರ ಮನೆಯ ಮಾಳಿಗೆ ಹತ್ತಿದೆ. ಎಲ್‌ಎನ್‌ಬಿಗೆ ತಿರುಗಿಸುವ ಪಿನ್ ಬಿಚ್ಚಿದಾಗ ಒಳಗಿಂದ ಎರಡು ಹನಿ ನೀರು ನನ್ನ ಹೆಬ್ಬೆರಳಿನ ಮೇಲೆ ಬಿತ್ತು. ವೈರ್ ಸುಲಿದೆ. ಹೊಸದಾಗಿದ್ದರೆ ನಡುವಿನ ತಂತಿ ತಾಮ್ರದ ಬಣ್ಣದಲ್ಲಿ ಹೊಳೆಯಬೇಕು. ಅದು ಕಾಡಿಗೆಯಂತೆ ಕಪ್ಪಾಗಿತ್ತು. ಸುತ್ತಲಿನ ಹೆಣಿಗೆ ತಂತಿ ಬೆರಳಿನಲ್ಲಿ ಉಜ್ಜಿದರೆ ಬಿಳಿ ಪುಡಿಯಾಗಿ ಉದುರಿತು. ಒಂದು ಗೇಣು ಕತ್ತರಿಸಿದೆ, ಕಪ್ಪೇ. ಇನ್ನೊಂದು ಗೇಣು, ಅಲ್ಲೂ ಕಪ್ಪೇ. ಮೂರನೆಯದರಲ್ಲಿ ಹೊಳೆಯುವ ತಂತಿ ಸಿಕ್ಕಿತು. ಹೊಸ ಪಿನ್ ಹಾಕಿ ಕೆಳಗಿಳಿದು ನೋಡಿದಾಗ ಕ್ವಾಲಿಟಿ 22ರಿಂದ 71ಕ್ಕೆ ಏರಿತ್ತು. ಎರಡು ಪೆಟ್ಟಿಗೆಯ ದುಡ್ಡು ಹೋದದ್ದು ಮೂರು ಗೇಣು ವೈರಿಗಾಗಿ.

ಪಿನ್ ಹಾಕುವಾಗ ಎರಡು ವಿಷಯ ನೋಡಿ. ಹೆಣಿಗೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ನಡುವಿನ ತಂತಿ ಪಿನ್ನಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಚಾಚಿರಬೇಕು. ಗಿಡ್ಡವಾದರೆ ತಾಗುವುದಿಲ್ಲ, ಉದ್ದವಾದರೆ ಒಳಗೆ ಮುರಿಯುತ್ತದೆ. ಎಲ್‌ಎನ್‌ಬಿಯಿಂದ ಇಳಿಯುವ ವೈರಿಗೆ ಕೆಳಮುಖವಾಗಿ ಒಂದು ಜೋಲು ಬಿಡಿ, ಮಳೆನೀರು ಆ ಜೋಲಿನಿಂದ ತೊಟ್ಟಿಕ್ಕಲಿ, ಪಿನ್ನಿನೊಳಗೆ ಹರಿಯದಿರಲಿ. ವೈರ್ ಕೊಳ್ಳುವಾಗ ಆರ್‌ಜಿ-6 ಎಂದು ಕೇಳಿ ತೆಗೆದುಕೊಳ್ಳಿ. ನಡುವೆ ಕತ್ತರಿಸಿ ಕೈಯಲ್ಲಿ ತಿರುಚಿ ಟೇಪ್ ಸುತ್ತುವುದು ದೀಪದ ವೈರಿಗೆ ನಡೆದೀತು, ಇಲ್ಲಿ ನಡೆಯುವುದಿಲ್ಲ.

ಬಿಚ್ಚುವ ಮುನ್ನ ಪೆಟ್ಟಿಗೆಯ ಪ್ಲಗ್ ಕಿತ್ತಿರಬೇಕು. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು.

ಮಳೆ ಬಂದರೆ ಚಿತ್ರ ಹೋಗುತ್ತದೆ. ಇದಕ್ಕೆ ಮದ್ದಿದೆಯೇ?

ಅರ್ಧ ಮದ್ದಿದೆ. ಮನೆಯ ಡಿಟಿಎಚ್ ಎಲ್ಲವೂ ಕೆಯು ಬ್ಯಾಂಡಿನದು. ಅದರ ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸು ಉದ್ದ, ದಪ್ಪ ಮಳೆಹನಿ ಅದನ್ನು ನುಂಗುತ್ತದೆ. ಕೇಬಲ್‌ನವರ ದೊಡ್ಡ ಛತ್ರಿಯ ಸಿ ಬ್ಯಾಂಡಿನ ಅಲೆ ಅದರ ಮೂರು ಪಟ್ಟು ಉದ್ದ, ಅದಕ್ಕೆ ಮಳೆಯ ಭಯ ಕಡಿಮೆ.

ಜೋರು ಮಳೆಯಲ್ಲಿ ಹತ್ತು ಹದಿನೈದು ನಿಮಿಷ ಹೋಗಿ ತಾನೇ ಬಂದರೆ ಏನೂ ಮಾಡಬೇಡಿ, ಚಹಾ ಕುಡಿಯಿರಿ. ತುಂತುರು ಮಳೆಗೂ ಹೋಗುತ್ತದೆ ಅಥವಾ ಮಳೆ ನಿಂತು ಗಂಟೆ ಕಳೆದರೂ ಬರುವುದಿಲ್ಲ ಎಂದರೆ ಮಳೆಯದು ನೆಪ ಮಾತ್ರ. ಛತ್ರಿ ಮೊದಲೇ ಸ್ವಲ್ಪ ಸರಿದಿದೆ ಅಥವಾ ಪಿನ್ನಿನಲ್ಲಿ ನೀರಿದೆ. ಎಲ್ಲ ಸರಿಯಿದ್ದೂ ತೊಂದರೆಯಾದರೆ ದೊಡ್ಡ ಛತ್ರಿ ಹಾಕಿಸಬಹುದು. 60 ಸೆಂಟಿಮೀಟರ್ ಬದಲು 90 ಹಾಕಿದರೆ ಸಿಗ್ನಲ್ ಹಿಡಿಯುವ ಮೈ ಎರಡೂಕಾಲು ಪಟ್ಟಾಗುತ್ತದೆ. ಎಲ್‌ಎನ್‌ಬಿಯ ಮೂತಿಗೆ ಪ್ಲಾಸ್ಟಿಕ್ ಚೀಲ ಕಟ್ಟುವವರಿದ್ದಾರೆ. ಚೀಲದ ಮೇಲೆ ಹನಿ ನಿಂತು ಇನ್ನಷ್ಟು ಕೆಡುತ್ತದೆ.

ಮಾರ್ಚ್‌ನಲ್ಲಿ ಮೋಡವೇ ಇಲ್ಲದ ದಿನ, ಬೆಳಗ್ಗೆ 11ರ ಹೊತ್ತಿಗೆ ಕೆಲವು ನಿಮಿಷ ಚಿತ್ರ ಒಡೆಯಿತು. ಮರುದಿನವೂ ಅದೇ ಹೊತ್ತಿಗೆ!

ಸೂರ್ಯ ಬಂದು ಹೋದ, ಅಷ್ಟೇ. ವರ್ಷಕ್ಕೆ ಎರಡು ಬಾರಿ, ಕೆಲವು ದಿನ, ಸೂರ್ಯ ನೇರವಾಗಿ ಉಪಗ್ರಹದ ಬೆನ್ನ ಹಿಂದೆ ನಿಲ್ಲುತ್ತಾನೆ. ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ದನಿ ಅಡಗುತ್ತದೆ. ಡಿಡಿ ಫ್ರೀ ಡಿಶ್ ಬರುವ 93.5 ಡಿಗ್ರಿ ಪೂರ್ವದ ಉಪಗ್ರಹಕ್ಕೆ ನಮ್ಮ ದಾವಣಗೆರೆ, ಚಿತ್ರದುರ್ಗದಲ್ಲಿ ಇದು ಮಾರ್ಚ್ ಮಧ್ಯಭಾಗ ಮತ್ತು ಸೆಪ್ಟೆಂಬರ್ ಕೊನೆಯ ಆಸುಪಾಸು, ಬೆಳಗ್ಗೆ 11ರ ಹಿಂದೆಮುಂದೆ. ಬೇರೆ ಉಪಗ್ರಹಕ್ಕೆ ಹೊತ್ತು ಬೇರೆ. ಛತ್ರಿ ಮುಟ್ಟಬೇಡಿ.

ಮುಟ್ಟದೆ ಒಂದು ಕೆಲಸ ಮಾಡಿ, ಮಾಳಿಗೆ ಹತ್ತಿ ನೋಡಿ. ಆ ನಿಮಿಷದಲ್ಲಿ ಛತ್ರಿಗೆ ಬಿದ್ದ ಬಿಸಿಲು ಪ್ರತಿಫಲಿಸಿ ಎಲ್‌ಎನ್‌ಬಿಯ ಮೂತಿಯ ಮೇಲೆ ಕೂಡಿಕೊಂಡು ಬೆಳಗುತ್ತಿರುತ್ತದೆ. ಉಪಗ್ರಹದ ಅಲೆ ದಿನವೂ ಬಂದು ಸೇರುವ ಜಾಗ ಅದೇ. ಬೆಳಕು ಮೂತಿ ಬಿಟ್ಟು ಪಕ್ಕಕ್ಕೆ ಬಿದ್ದಿದ್ದರೆ ನಿಮ್ಮ ಛತ್ರಿ ಸರಿದಿದೆ. ಆ ಹೊತ್ತಿಗೆ ಛತ್ರಿಯ ಮೇಲೆ ತೆಂಗಿನ ಗರಿಯ ನೆರಳು ಬಿದ್ದಿದ್ದರೆ ಆ ಗರಿಯೇ ವರ್ಷವಿಡೀ ನಿಮ್ಮ ಸಿಗ್ನಲ್ ತಡೆಯುತ್ತಿದೆ. ಯಾವ ಮೀಟರೂ ಬೇಡ. ಬಿಳಿ ಬಣ್ಣದ ನುಣುಪು ಛತ್ರಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ; ಕಣ್ಣನ್ನು ಆ ಬೆಳಕಿನ ದಾರಿಗೆ ಮಾತ್ರ ಒಡ್ಡಬೇಡಿ.

ಛತ್ರಿಯನ್ನು ನಾವೇ ಕೂಡಿಸಬಹುದೇ? ಯಾವ ದಿಕ್ಕು?

ತಾಳ್ಮೆ ಇದ್ದರೆ ಖಂಡಿತ. ದೂರದರ್ಶನದ ಡಿಡಿ ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್ 11ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿದ್ದು, ಅದರ ಲಗಾಮು ಮಾತ್ರ ನಮ್ಮ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದ ಕೈಯಲ್ಲಿ. ಅದು ನಿಂತಿರುವುದು ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವದಲ್ಲಿ, ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ. ದಾವಣಗೆರೆ ಇರುವುದು 76 ಡಿಗ್ರಿಯ ಹತ್ತಿರ. ಹೀಗಾಗಿ ಉಪಗ್ರಹ ನಮಗೆ ಆಗ್ನೇಯಕ್ಕೆ, ಅಂದರೆ ಅಡುಗೆಮನೆ ಇರಬೇಕು ಎನ್ನುವ ಅಗ್ನಿ ಮೂಲೆಗೆ ಬರುತ್ತದೆ. ನಿಖರವಾಗಿ ಬೇಕೆಂದರೆ ಮೊಬೈಲಿನ ದಿಕ್ಸೂಚಿಯಲ್ಲಿ ಸುಮಾರು 128 ಡಿಗ್ರಿ, ನೇರ ಆಗ್ನೇಯಕ್ಕಿಂತ ಸ್ವಲ್ಪ ಪೂರ್ವಕ್ಕೆ. ಎತ್ತರ ದಿಗಂತದಿಂದ 63-64 ಡಿಗ್ರಿ. ಚಿತ್ರದುರ್ಗಕ್ಕೂ ಇದೇ ಲೆಕ್ಕ ಸಾಕು. ದುಡ್ಡು ಕಟ್ಟುವ ಡಿಟಿಎಚ್‌ಗಳ ಉಪಗ್ರಹಗಳು ಬೇರೆ ಬೇರೆ ಕಡೆ ಇದ್ದರೂ ಅವೂ ನಮಗೆ ಆಗ್ನೇಯದ ಕಡೆಯೇ. ಅದಕ್ಕೇ ಬೀದಿಯ ಛತ್ರಿಗಳೆಲ್ಲ ಸೂರ್ಯಕಾಂತಿಯ ಹಾಗೆ ಒಂದೇ ಕಡೆ ಮುಖ ಮಾಡಿರುತ್ತವೆ.

ಛತ್ರಿಯ ತಟ್ಟೆ 63 ಡಿಗ್ರಿಯಷ್ಟು ಆಕಾಶಕ್ಕೆ ಮುಖ ಎತ್ತಿದಂತೆ ಕಾಣುವುದಿಲ್ಲ, ಅದಕ್ಕಿಂತ ನೆಟ್ಟಗೆ ಕಾಣುತ್ತದೆ. ಮನೆಯ ಛತ್ರಿಗಳಲ್ಲಿ ಎಲ್‌ಎನ್‌ಬಿ ನಡುವಿನಲ್ಲಿರದೆ ಕೆಳಗಿರುತ್ತದೆ, ಅಲೆ ಓರೆಯಾಗಿ ಬಂದು ಓರೆಯಾಗಿ ಇಳಿಯುತ್ತದೆ. ಕಣ್ಣಳತೆಯನ್ನು ನಂಬಿ ಇನ್ನಷ್ಟು ಮೇಲಕ್ಕೆ ಎತ್ತಿದರೆ ಕೆಟ್ಟಿತು. ಹಿಂದಿನ ಹಿಡಿಕೆಯಲ್ಲಿ ಡಿಗ್ರಿ ಗೀಟುಗಳಿದ್ದರೆ ಅವನ್ನು ನಂಬಿ, ಆದರೆ ಮೊದಲು ಕಂಬ ನೆಟ್ಟಗಿರಬೇಕು. ಒಂದು ದಾರಕ್ಕೆ ಕಲ್ಲು ಕಟ್ಟಿ ಕಂಬದ ಪಕ್ಕ ಇಳಿಬಿಟ್ಟು ನೋಡಿ. ಗಾರೆ ಕೆಲಸದವರ ತೂಗುಗುಂಡು ಇದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಒಬ್ಬರು ಕೆಳಗೆ ಪರದೆಯ ಮುಂದೆ, ಒಬ್ಬರು ಮೇಲೆ, ಇಬ್ಬರ ಕೈಯಲ್ಲೂ ಮೊಬೈಲ್. ಎತ್ತರ ಒಂದು ಗೀಟಿಗೆ ಇಟ್ಟು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸಿ. ಪೆಟ್ಟಿಗೆಗೆ ಸಿಗ್ನಲ್ ಗುರುತಿಸಲು ಒಂದೆರಡು ಸೆಕೆಂಡ್ ಬೇಕು, ಹಾಗಾಗಿ ಒಂದು ಬೆರಳಗಲ ತಿರುಗಿಸಿ ಮೂರು ಎಣಿಸಿ. 60 ಸೆಂಟಿಮೀಟರ್ ಛತ್ರಿಯ ಒಂದು ಅಂಚು ಇನ್ನೊಂದು ಅಂಚಿಗಿಂತ ಒಂದು ಸೆಂಟಿಮೀಟರ್ ಮುಂದೆ ಬಂದರೆ ಒಂದು ಡಿಗ್ರಿ ತಿರುಗಿತು ಎಂದರ್ಥ. ಒಂದು ಡಿಗ್ರಿ ತಪ್ಪಿದರೆ ಅಲ್ಲಿ, ಉಪಗ್ರಹದ ಬಳಿ, ಆರುನೂರು ಕಿಲೋಮೀಟರಿಗೂ ಹೆಚ್ಚು ತಪ್ಪುತ್ತದೆ. ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲಿಯೇ ಸ್ವಲ್ಪ ಸ್ವಲ್ಪ ತಿರುವಿ ಇನ್ನೂ ಏರುತ್ತದೆಯೇ ನೋಡಿ. ನಟ್ಟು ಬಿಗಿಮಾಡುವಾಗ ಕೆಳಗಿನವರು ಸಂಖ್ಯೆ ಓದುತ್ತಲೇ ಇರಬೇಕು. ಬಿಗಿಮಾಡುವ ಕೊನೆಯ ಸುತ್ತಿನಲ್ಲೇ ಛತ್ರಿ ಸರಿಯುವುದು.

ಸಿಗ್ನಲ್ ಚೂರೂ ಸಿಗದಿದ್ದರೆ ಮೆನುವಿನಲ್ಲಿ ಎಲ್‌ಎನ್‌ಬಿ ಸೆಟ್ಟಿಂಗ್ ನೋಡಿ. ಯೂನಿವರ್ಸಲ್ ಎಲ್‌ಎನ್‌ಬಿಗೆ, ಅಂದರೆ ಕೆಯು ಬ್ಯಾಂಡಿನ ಕೆಳಗಿನ ಮತ್ತು ಮೇಲಿನ ಎರಡೂ ಭಾಗ ಹಿಡಿಯುವಂಥದ್ದಕ್ಕೆ, 9750/10600 ಎಂದಿರಬೇಕು. 11,000 ಮೆಗಾಹರ್ಟ್ಸ್‌ನ ಅಲೆಯಿಂದ 9750 ಕಳೆದು, ಉಳಿದ 1250 ಆಗಿ ವೈರಿನಲ್ಲಿ ಇಳಿಯುತ್ತದೆ. ಮೆನುವಿನಲ್ಲಿ ಬೇರೆ ಸಂಖ್ಯೆ ಇದ್ದರೆ ಪೆಟ್ಟಿಗೆ ಇಲ್ಲದ ಜಾಗದಲ್ಲಿ ಹುಡುಕುತ್ತಾ ಕೂರುತ್ತದೆ. 5150 ಎಂದಿದ್ದರೆ ಯಾರೋ ಅದನ್ನು ಸಿ ಬ್ಯಾಂಡಿಗೆ ಇಟ್ಟಿದ್ದಾರೆ.

ಮಳೆಯಲ್ಲಿ, ಗುಡುಗಿನಲ್ಲಿ, ಕರೆಂಟ್ ತಂತಿ ಹತ್ತಿರ ಹಾದುಹೋಗುವ ಕಡೆ ಈ ಯಾವ ಕೆಲಸವೂ ಬೇಡ. ತಗಡಿನ ಮೇಲೆ ಹತ್ತಲೇಬೇಡಿ.

ಆಷಾಢ ಬಂದರೆ ಸಾಕು, ಛತ್ರಿ ಸರಿಯುತ್ತದೆ. ನಾವಿರುವುದು ಚಿತ್ರದುರ್ಗದ ಹೊರವಲಯ.

ಜೋಗಿಮಟ್ಟಿ ಕಡೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಅಂಥ ಗಾಳಿಗೆ ಛತ್ರಿ ಹಡಗಿನ ಹಾಯಿ ಇದ್ದ ಹಾಗೆ. ಎತ್ತರದ ಕಂಬಕ್ಕೆ ಹಾಕುವುದೇ ತಪ್ಪು. ಆಗ್ನೇಯ ತೆರೆದಿದ್ದರೆ ಛತ್ರಿ ಮಾಳಿಗೆಯ ಮೇಲೆ ಮೊಣಕಾಲೆತ್ತರದಲ್ಲಿದ್ದರೂ ಸಾಕು. ಪಶ್ಚಿಮಕ್ಕೆ ಗೋಡೆಯ ಮರೆ ಸಿಕ್ಕರೆ ಇನ್ನೂ ಒಳ್ಳೆಯದು, ಆ ಗಾಳಿ ಬರುವುದು ಹೆಚ್ಚಾಗಿ ಆ ಕಡೆಯಿಂದಲೇ. ಸರಿಯಾಗಿ ಕೂಡಿಸಿದ ದಿನ ಕಂಬಕ್ಕೂ ಹಿಡಿಕೆಗೂ ಸೇರಿಸಿ ಬಣ್ಣದಲ್ಲಿ ಒಂದು ಗೀಟು ಎಳೆಯಿರಿ. ಸರಿದಾಗ ಗೀಟು ಮುರಿದು ಕಾಣುತ್ತದೆ, ಮತ್ತೆ ಕೂಡಿಸಿದರಾಯಿತು.

ಇನ್ನು ಕೋತಿ. ಕೋಟೆಯ ಆಸುಪಾಸಿನವರು ಇದನ್ನು ಕೇಳಿಯೇ ಕೇಳುತ್ತಾರೆ. ಎಲ್‌ಎನ್‌ಬಿ ಹಿಡಿದಿರುವ ಕೋಲು ಕೋತಿಮರಿಗೆ ಜೋಕಾಲಿ. ಮುಳ್ಳು ಕಟ್ಟಿ ನೋಡಿದವರಿದ್ದಾರೆ, ಬಣ್ಣದ ಬಟ್ಟೆ ಕಟ್ಟಿ ನೋಡಿದವರೂ ಇದ್ದಾರೆ. ನಾನು ನೋಡಿದ್ದರಲ್ಲಿ ನಿಂತದ್ದು ಕಬ್ಬಿಣದ ಜಾಲರಿಯ ಗೂಡಲ್ಲ, ಛತ್ರಿಯನ್ನು ಮಾಳಿಗೆಯಿಂದ ಇಳಿಸಿ ಅಂಗಳದ ಗೋಡೆಗೆ ಹಾಕಿದ್ದು. ಜಾಲರಿ ಸಿಗ್ನಲನ್ನೇ ತಡೆಯುತ್ತದೆ.

ಎದುರಿಗೆ ಅಡಿಕೆ ಮರ ಬೆಳೆದಿದೆ. ಅಡ್ಡ ಆಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಉಪಗ್ರಹ ಸಾಕಷ್ಟು ಮೇಲಿದೆ, ಹಾಗಾಗಿ ದೂರದ ಮರಕ್ಕೆ ಹೆದರಬೇಕಿಲ್ಲ. 63 ಡಿಗ್ರಿಗೆ ಸುಲಭದ ಲೆಕ್ಕ ಎರಡು ಪಟ್ಟು: ಆಗ್ನೇಯಕ್ಕೆ ಹತ್ತು ಅಡಿ ದೂರದಲ್ಲಿರುವ ಮರ ಛತ್ರಿಗಿಂತ ಇಪ್ಪತ್ತು ಅಡಿ ಎತ್ತರವಾದರೆ ಅಡ್ಡ, ಇಪ್ಪತ್ತು ಅಡಿ ದೂರದ್ದು ನಲವತ್ತು ಅಡಿಯಾದರೆ ಅಡ್ಡ. ಒಣಗಿದ ಎಲೆಗಿಂತ ನೆನೆದ ಎಲೆ ಹೆಚ್ಚು ತಡೆಯುತ್ತದೆ. ಗಾಳಿ ಬೀಸಿದಾಗ ಚಿತ್ರ ಬಂದು ಬಂದು ಹೋಗುತ್ತಿದ್ದರೆ ಗರಿ ಅಲ್ಲಾಡುತ್ತಿದೆ ಎಂದೇ ತಿಳಿಯಿರಿ. ಮರ ಕಡಿಯಬೇಡಿ, ಛತ್ರಿಯನ್ನು ಐದು ಅಡಿ ಸರಿಸಿ.

ಅರ್ಧ ಚಾನೆಲ್ ಚೆನ್ನಾಗಿವೆ, ಇನ್ನರ್ಧ ಕಪ್ಪು.

ಈ ದೋಷ ನನಗೆ ಇಷ್ಟ, ಏಕೆಂದರೆ ಇದು ತನ್ನ ಗುಟ್ಟನ್ನು ತಾನೇ ಹೇಳುತ್ತದೆ. ಉಪಗ್ರಹದಿಂದ ಅಲೆ ಎರಡು ಬಗೆಯಲ್ಲಿ ಬರುತ್ತದೆ, ನಿಂತದ್ದು ಮತ್ತು ಮಲಗಿದ್ದು. ಯಾವುದು ಬೇಕೆಂದು ಪೆಟ್ಟಿಗೆ ಎಲ್‌ಎನ್‌ಬಿಗೆ ಬಾಯಲ್ಲಿ ಹೇಳುವುದಿಲ್ಲ, ವೋಲ್ಟೇಜಿನಲ್ಲಿ ಹೇಳುತ್ತದೆ: 13 ವೋಲ್ಟ್ ಕಳುಹಿಸಿದರೆ ನಿಂತದ್ದು, 18 ಕಳುಹಿಸಿದರೆ ಮಲಗಿದ್ದು. 18 ವೋಲ್ಟ್ ಕೊಡಲು ಪೆಟ್ಟಿಗೆಗೆ ಶಕ್ತಿಯಿಲ್ಲದಿದ್ದರೆ, ಅಥವಾ ತುಕ್ಕು ಹಿಡಿದ ವೈರಿನಲ್ಲಿ ಇಳಿದು 15ರ ಕೆಳಗೆ ಹೋದರೆ, ಮಲಗಿದ ಅಲೆಯ ಚಾನೆಲ್‌ಗಳೆಲ್ಲ ಒಟ್ಟಿಗೇ ಮಾಯ. ಯೂನಿವರ್ಸಲ್ ಎಲ್‌ಎನ್‌ಬಿಯಲ್ಲಿ ಮೇಲಿನ ಬ್ಯಾಂಡಿಗೆ ಹೋಗಲು 22 ಕಿಲೋಹರ್ಟ್ಸ್‌ನ ಸಣ್ಣ ದನಿಯೊಂದನ್ನೂ ಕಳುಹಿಸಬೇಕು. ಮೆನುವಿನಲ್ಲಿ ಅದು ಆಫ್ ಆಗಿದ್ದರೂ ಒಂದು ಗುಂಪು ಹೋಗುತ್ತದೆ. ಹೋದ ಚಾನೆಲ್‌ಗಳ ಮಾಹಿತಿ ಒತ್ತಿ, ಫ್ರೀಕ್ವೆನ್ಸಿಯ ಮುಂದೆ ಎಚ್ (ಮಲಗಿದ್ದು) ಇದೆಯೋ ವಿ (ನಿಂತದ್ದು) ಇದೆಯೋ ಬರೆದುಕೊಳ್ಳಿ. ಎಲ್ಲವೂ ಎಚ್ ಎಂದಿದ್ದರೆ ಮೇಲಿನ 18 ವೋಲ್ಟಿನ ಕಥೆಯೇ. ಮಲಗಿದ ಚಾನೆಲಿಗೆ ಹೋದೊಡನೆ ಪೆಟ್ಟಿಗೆ ಆರಿ ಹೊತ್ತಿಕೊಂಡರೆ ಅಡಾಪ್ಟರ್ ಸೋತಿದೆ.

ಎರಡು ಟಿವಿಗೆ ಒಂದೇ ವೈರನ್ನು ಕವಲೊಡೆಸಿದವರಿಗೂ ಇದೇ ಗತಿ. ಒಳಗಿನ ಕೋಣೆಯವರು 13 ಕೇಳುತ್ತಾರೆ, ಹಜಾರದವರು 18 ಕೇಳುತ್ತಾರೆ, ಎಲ್‌ಎನ್‌ಬಿ ಯಾರ ಮಾತು ಕೇಳಬೇಕು? ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ ಎರಡು ವೈರ್ ಎಳೆಯಿಸಿ.

ಪೆಟ್ಟಿಗೆ ಆಗಾಗ ತಾನೇ ಆರಿ ಹೊತ್ತಿಕೊಳ್ಳುತ್ತದೆ.

ಛತ್ರಿಯ ವೈರನ್ನು ಪೆಟ್ಟಿಗೆಯಿಂದ ಬಿಚ್ಚಿ ಓಡಿಸಿ. ಈಗ ನೆಮ್ಮದಿಯಾಗಿದ್ದರೆ ಹೊರಗೆ ಶಾರ್ಟ್ ಇದೆ. ಬಿಚ್ಚಿದರೂ ಹಾಗೆಯೇ ಆದರೆ ಅಡಾಪ್ಟರ್ ಬದಲಿಸಿ ನೋಡಿ. ವೋಲ್ಟ್ ಮೊದಲಿನಷ್ಟೇ ಇರಬೇಕು, ಆಂಪಿಯರ್ ಮೊದಲಿನಷ್ಟು ಅಥವಾ ಹೆಚ್ಚಿರಬಹುದು. ಮಲ್ಟಿಮೀಟರಿನಲ್ಲಿ 12 ತೋರಿಸುವ ಅಡಾಪ್ಟರ್ ಕೂಡ ಭಾರ ಬಿದ್ದಾಗ 9ಕ್ಕೆ ಕುಸಿಯುವುದುಂಟು. ಒಳಗಿನ ಕೆಪಾಸಿಟರಿನ ತಲೆ ಇಡ್ಲಿಯಂತೆ ಉಬ್ಬಿರುತ್ತದೆ, ಅದು ಹತ್ತಿಪ್ಪತ್ತು ರೂಪಾಯಿಯ ಬಿಡಿಭಾಗ. ಆದರೆ ಮನೆಯಲ್ಲಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಪೆಟ್ಟಿಗೆಯನ್ನು ಸ್ಟೆಬಿಲೈಸರ್ ಮೇಲೆ ಇಟ್ಟು, ಅದರ ಮೇಲೆ ಕಸೂತಿ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಗಣಪತಿಯನ್ನು ಕೂರಿಸಿರುವ ಮನೆಗಳಿವೆ. ಗಣಪತಿಗೆ ಬೇರೆ ಜಾಗ ಮಾಡಿ. ಬಿಸಿಯಾದ ಪೆಟ್ಟಿಗೆ ಚಿತ್ರ ನಿಲ್ಲಿಸುತ್ತದೆ.

ಚಿತ್ರ ಕಪ್ಪು-ಬಿಳುಪಾಗಿದೆ.

ಮೂರು ಬಣ್ಣದ ಪಿನ್ನಿನ ವೈರ್ ಬಳಸುತ್ತಿದ್ದೀರಾ? ಹಳದಿ ಪಿನ್ ಹಸಿರು ತೂತಿಗೆ ಹೋಗಿರಬಹುದು. ಅಲ್ಲದಿದ್ದರೆ ಪೆಟ್ಟಿಗೆಯ ಮೆನುವಿನಲ್ಲಿ ಟಿವಿ ವ್ಯವಸ್ಥೆ ಎನ್‌ಟಿಎಸ್‌ಸಿ ಆಗಿದೆ, ಪಿಎಎಲ್ ಮಾಡಿ. ನಮ್ಮ ದೇಶದ್ದು ಪಿಎಎಲ್.

ಬಣ್ಣ ಗುಲಾಬಿಗೋ ಹಸಿರಿಗೋ ತಿರುಗಿದೆ, ಬಿಳಿ ಚುಕ್ಕಿ ಮಿನುಗುತ್ತವೆ.

ಎಚ್‌ಡಿಎಂಐ ವೈರ್. ಕಿತ್ತು ಮತ್ತೆ ಸಿಕ್ಕಿಸಿ. ಹೋಗದಿದ್ದರೆ ವೈರ್ ಬದಲಿಸಿ. ದುಬಾರಿಯದು ಬೇಡ, ಗಟ್ಟಿ ಕೂರುವಂಥದ್ದು ಬೇಕು.

ಮಾತು ಕೇಳಿಸುತ್ತದೆ, ಚಿತ್ರ ಇಲ್ಲ.

ಒಂದೆರಡು ಚಾನೆಲಿನಲ್ಲಿ ಮಾತ್ರ ಹೀಗಾದರೆ ನಿಮ್ಮದು ಹಳೆಯ ಎಂಪೆಗ್-2 ಪೆಟ್ಟಿಗೆ, ಆ ಚಾನೆಲ್ ಎಂಪೆಗ್-4ರಲ್ಲಿ ಬರುತ್ತಿದೆ. ಫ್ರೀ ಡಿಶ್‌ನಲ್ಲಿ ಎರಡೂ ಬಗೆಯವು ಇವೆ. ಪೆಟ್ಟಿಗೆಗೆ ಆ ಚಿತ್ರದ ಭಾಷೆ ಬಾರದು, ರಿಪೇರಿಯಿಂದ ಕಲಿಸಲಾಗದು. ಎಲ್ಲ ಚಾನೆಲಿನಲ್ಲೂ ಹೀಗಾದರೆ ಯಾರೋ ರೆಸಲ್ಯೂಷನ್ ಅನ್ನು ಟಿವಿಗೆ ಎಟುಕದ 1080ಕ್ಕೆ ಇಟ್ಟಿರಬಹುದು. ಹಳದಿ ಪಿನ್ನಿನಿಂದ ಚಿತ್ರ ತಂದುಕೊಂಡು 720ಕ್ಕೋ 576ಕ್ಕೋ ಇಳಿಸಿ.

ದೊಡ್ಡ ಟಿವಿ ತಂದೆವು, ಚಿತ್ರ ಮೊದಲಿಗಿಂತ ಮಂಕು. ಮುಖಗಳೂ ಅಗಲ.

ಅಗಲಕ್ಕೆ ಕಾರಣ ಅನುಪಾತ: 4:3ರ ಚಿತ್ರವನ್ನು 16:9ಕ್ಕೆ ಎಳೆದಿದ್ದೀರಿ. ಮೆನುವಿನಲ್ಲಿ ಆಟೋ ಇಡಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ. ದುಡ್ಡು ಕೊಟ್ಟ ಟಿವಿಯಲ್ಲಿ ಪಟ್ಟಿ ಏಕೆ ಬಿಡಬೇಕು ಎಂದು ಜಗಳಕ್ಕೆ ಬಂದವರಿದ್ದಾರೆ. ನಾಯಕಿ ದಪ್ಪಗೆ ಕಂಡರೂ ಅವರಿಗೆ ಪರದೆ ತುಂಬಿರಬೇಕು.

ಮಂಕಿಗೆ ಮದ್ದಿಲ್ಲ. ಸಾಮಾನ್ಯ ಚಾನೆಲಿನ ಚಿತ್ರದಲ್ಲಿ ಇರುವುದೇ 576 ಗೆರೆ. ಅದನ್ನು 43 ಇಂಚಿನ ಟಿವಿ ತನ್ನ 1080 ಗೆರೆಗೆ ಹಿಗ್ಗಿಸುತ್ತದೆ. ಒಂದು ಸೇರು ಮಂಡಕ್ಕಿಯನ್ನು ದೊಡ್ಡ ಕೊಪ್ಪರಿಗೆಗೆ ಹರಡಿದ ಹಾಗೆ, ತಳ ಕಾಣುತ್ತದೆ. ಟಿವಿಯ ಶಾರ್ಪ್‌ನೆಸ್ ಕಡಿಮೆ ಮಾಡಿ ನಾಲ್ಕು ಹೆಜ್ಜೆ ಹಿಂದೆ ಕೂತು ನೋಡಿ. ಕಮ್ಮಿ ಮಾಡಿದರೆ ಚಂದ ಕಾಣುತ್ತದೆ ಎಂದರೆ ಯಾರೂ ನಂಬುವುದಿಲ್ಲ.

ಮಧ್ಯಾಹ್ನ ಬಿಸಿಲೇರಿದಾಗ ಮಾತ್ರ ಹೋಗುತ್ತದೆ, ಸಂಜೆ ತಾನೇ ಬರುತ್ತದೆ.

ಎಲ್‌ಎನ್‌ಬಿಗೆ ವಯಸ್ಸಾಗಿದೆ. ಕಾದಾಗ ಅದರ ಒಳಗಿನ 9750 ಎಂಬ ಲೆಕ್ಕ ಆಚೀಚೆ ಸರಿಯುತ್ತದೆ. ಅನುಮಾನವಿದ್ದರೆ ಮಧ್ಯಾಹ್ನ ಅದರ ಬೆನ್ನಿಗೆ ಒದ್ದೆ ಬಟ್ಟೆ ಹೊದಿಸಿ. ಹತ್ತು ನಿಮಿಷದಲ್ಲಿ ಚಿತ್ರ ಬಂದರೆ ಹೊಸದು ತನ್ನಿ. ಪೆಟ್ಟಿಗೆಗಿಂತ ಅದು ಎಷ್ಟೋ ಅಗ್ಗ.

ಎಲ್ಲ ಅಳಿಸಿ ಫ್ಯಾಕ್ಟರಿ ರಿಸೆಟ್ ಮಾಡಿದರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯ ಹುಡುಗ ಹೇಳಿದ.

ಚಾನೆಲ್ ಪಟ್ಟಿಯೂ ಎಲ್‌ಎನ್‌ಬಿ ಸೆಟ್ಟಿಂಗೂ ಅದರೊಂದಿಗೆ ಹೋಗುತ್ತವೆ ಎಂದು ಅವನು ಹೇಳಿದನೇ? ಮಾಡುವುದಾದರೆ ಮೊದಲು ಸೆಟ್ಟಿಂಗ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಸಿಗ್ನಲ್ ಕಡಿಮೆ ಇರುವಾಗ ರಿಸೆಟ್ ಮಾಡಿ, ಆಮೇಲೆ ಹುಡುಕಿದರೆ ಒಂದೂ ಚಾನೆಲ್ ಸಿಗದೆ ಅಳುತ್ತಾ ಬಂದವರು ಬಹಳ. ಯುಎಸ್‌ಬಿಯಿಂದ ಹೊಸ ಸಾಫ್ಟ್‌ವೇರ್ ಹಾಕುವುದಂತೂ ಇನ್ನೂ ಅಪಾಯ. ಹೊರಗಿನಿಂದ ಒಂದೇ ಥರ ಕಾಣುವ ಎರಡು ಪೆಟ್ಟಿಗೆಯ ಒಳಗಿನ ಚಿಪ್ ಬೇರೆ ಇರಬಹುದು. ತಪ್ಪು ಫೈಲ್ ಹೊಕ್ಕರೆ, ನಡುವೆ ಕರೆಂಟ್ ಹೋದರೆ, ಪೆಟ್ಟಿಗೆ ಇಟ್ಟಿಗೆ.

ಗುಡುಗು ಬಂದಾಗ?

ಪ್ಲಗ್ ಕಿತ್ತರೆ ಸಾಲದು, ಛತ್ರಿಯ ವೈರನ್ನೂ ಬಿಚ್ಚಿ. ಗುಡುಗು ಶುರುವಾಗುವ ಮೊದಲೇ ಬಿಚ್ಚಿ, ನಡುವೆ ಕೈ ಹಾಕಬೇಡಿ.

ಕೊನೆಗೂ ಅಂಗಡಿಗೇ ಬರಬೇಕಾಯಿತು. ಏನೇನು ತರಬೇಕು?

ಪೆಟ್ಟಿಗೆ, ಅದರದೇ ಅಡಾಪ್ಟರ್, ಅದರದೇ ರಿಮೋಟ್. ರಿಮೋಟ್ ಮರೆತು ಬರುವವರಿಗೆ ಲೆಕ್ಕವಿಲ್ಲ. ಕ್ವಾಲಿಟಿ ತೋರಿಸುವ ಪುಟದ ಫೋಟೋ ಮೊಬೈಲಿನಲ್ಲಿರಲಿ, ಚಿತ್ರ ಒಡೆಯುವಾಗಿನ ಅರ್ಧ ನಿಮಿಷದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ವೈರ್ ಉದ್ದವಾಗಿ ಮಿಕ್ಕಿದ್ದು, ತಿರುಗಿ ಪಿನ್ ಹಾಕಲು ನಿಮಗೆ ಬರುತ್ತದೆ ಎಂದಾದರೆ, ಛತ್ರಿ ತುದಿಯಿಂದ ಒಂದು ಗೇಣು ಕತ್ತರಿಸಿ ಜೇಬಿನಲ್ಲಿ ಹಾಕಿಕೊಂಡು ಬನ್ನಿ. ಪೆಟ್ಟಿಗೆ ಬಿಚ್ಚುವ ಮೊದಲು ನಾನು ಸುಲಿಯುವುದು ಅದನ್ನೇ.